ಮಾದರಿ ವಿಮಾನದ ಬಿಗಿದಾರ

1903ರ ಡಿಸೆಂಬರ್ 17ರಂದು ಅಮೆರಿಕದ ರೈಟ್ ಸಹೋದರರು ಹಾರಿಸಿದ ವಿಮಾನಕ್ಕೆ ಒಂದರ ಮೇಲೊಂದರಂತೆ ಎರಡು ಜೊತೆ ರೆಕ್ಕೆಗಳಿದ್ದವು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಆ ಹಗುರವಾದ ರೆಕ್ಕೆಗಳನ್ನು ಓರೆಯಾಗಿ ಬಿಗಿದ ಉಕ್ಕಿನ ತಂತಿಗಳು ಹಿಡಿದಿಟ್ಟಿದ್ದವು. ಮೊದಲನೆಯ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್ ಮೊದಲಾದ ವಿಮಾನಗಳಲ್ಲಿಯೂ ಇದೇ ಏರ್ಪಾಡು. ಹಾರುವಾಗ ರೆಕ್ಕೆಗಳು ಮೇಲಕ್ಕೆ ಬಾಗದಂತೆ ಕೆಲವು ತಂತಿಗಳೂ, ನೆಲದ ಮೇಲೆ ನಿಂತಾಗ ಕೆಳಕ್ಕೆ ಜೋಲದಂತೆ ಮತ್ತೆ ಕೆಲವೂ ತಡೆಯುತ್ತಿದ್ದವು.

ಇಂತಹ ವಿಮಾನಗಳ ಕಿರುಮಾದರಿಗಳಲ್ಲಿ ತಂತಿಯ ಸ್ಥಾನವನ್ನು ದಾರವು ವಹಿಸುತ್ತದೆ. ದಾರವನ್ನು ಆರಿಸುವಾಗ ಮೊದಲು ಗಮನಿಸಬೇಕಾದುದು ಪ್ರಮಾಣ. 5 ಮಿಲಿಮೀಟರ್ ದಪ್ಪದ ತಂತಿಯು 1:48 ಪ್ರಮಾಣದಲ್ಲಿ ಸುಮಾರು 0.1 ಮಿಲಿಮೀಟರ್ ಆಗುತ್ತದೆ. ಹೊಲಿಗೆಯ ಹತ್ತಿದಾರ ಇದಕ್ಕಿಂತ ದಪ್ಪ; ಅದರ ನವಿರೆಳೆಗಳು ಹೊರಚಾಚಿ ಧೂಳನ್ನು ಹಿಡಿಯುತ್ತವೆ. ಒಂಟಿಯೆಳೆಯ ನೈಲಾನ್ ನುಣುಪು. ಆದರೆ ತೇವವನ್ನು ಹೀರಿ ಉದ್ದವಾಗುವುದರಿಂದ ಮಳೆಗಾಲದಲ್ಲಿ ಸಡಿಲಗೊಳ್ಳಬಹುದು. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಸ್ಥಿತಿಸ್ಥಾಪಕ ದಾರವಾದರೋ ಬಿಗಿಯಾಗಿಯೇ ನಿಲ್ಲುತ್ತದೆ. ಕೈ ತಗುಲಿದರೂ ಸುಲಭವಾಗಿ ಹರಿಯುವುದಿಲ್ಲ.

ಬಿಗಿತದಲ್ಲಿಯೂ ಹಿತಮಿತವಿರಬೇಕು. ಒಂದು ಪಾರ್ಶ್ವದ ದಾರವನ್ನು ಅತಿಯಾಗಿ ಎಳೆದರೆ ಪ್ಲಾಸ್ಟಿಕ್ ರೆಕ್ಕೆ ತಿರುಚಿಕೊಳ್ಳುತ್ತದೆ. ಆದುದರಿಂದ ಎಡಬಲಗಳೆರಡನ್ನೂ ಸಮನಾಗಿ ಬಿಗಿಯುತ್ತ ಬರಬೇಕು. ನಿಜವಾದ ವಿಮಾನಗಳ ಕುಶಲಕರ್ಮಿಗಳೂ ತಂತಿಗಳನ್ನು ಆಗಾಗ ಪರೀಕ್ಷಿಸಿ ಹೀಗೆಯೇ ಸರಿಪಡಿಸುತ್ತಿದ್ದರು. ಸಿದ್ಧವಾದ ಮಾದರಿಯನ್ನು ಬಿಸಿಲು ತಾಗದ ಕಡೆ ಗಾಜಿನ ಪೆಟ್ಟಿಗೆಯಲ್ಲಿರಿಸಬೇಕು. ಧೂಳನ್ನು ಮೃದುವಾದ ಕುಂಚದಿಂದ ದಾರದ ಉದ್ದಕ್ಕೂ ಸವರಿ ತೆಗೆಯಬೇಕು. ಸಡಿಲವಾದ ಎಳೆಯನ್ನು ಹಾಗೆಯೇ ಬಿಡದೆ ಬದಲಾಯಿಸಬೇಕು. ದಾರ ಜೋತುಬಿದ್ದ ಮಾದರಿಯು ವಿಮಾನದ ಆಕಾರವನ್ನು ತೋರಿಸೀತು. ಅದರ ರೆಕ್ಕೆಗಳು ಯಾವುದರ ಬಲದಿಂದ ನಿಂತಿದ್ದವೆಂಬುದನ್ನು ತೋರಿಸಲಾರದು.