ಓತಿಕ್ಯಾತದ ಮರುಭೂಮಿಯ ನೆಂಟ

ಓತಿಕ್ಯಾತವನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಶಾಲೆಯ ಬೇಲಿಯ ಮೇಲೋ ತೋಟದ ಕಲ್ಲಿನ ಮೇಲೋ ಕತ್ತು ನೆಟ್ಟಗೆ ಮಾಡಿ ಕುಳಿತು, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ನಮ್ಮನ್ನೇ ಅಣಕಿಸುವಂತೆ ಕಾಣುತ್ತದೆಯಲ್ಲ, ಅದೇ. ಅದರ ನೆಂಟನೊಬ್ಬ ನಮ್ಮ ದೇಶದ ವಾಯವ್ಯ ಮೂಲೆಯಲ್ಲಿದ್ದಾನೆ. ರಾಜಸ್ಥಾನದ ಥಾರ್ ಮರುಭೂಮಿ, ಗುಜರಾತಿನ ಕಚ್ಛ್ ಅವನ ಊರು. ಗಡಿಯಾಚೆ ಪಾಕಿಸ್ತಾನದಲ್ಲೂ ಇದ್ದಾನೆ. ಅಲ್ಲಿನ ಜನ ಅವನನ್ನು ಸಾಂಡಾ ಎಂದು ಕರೆಯುತ್ತಾರೆ. ಕೆಲವರು ಕನ್ನಡದಲ್ಲಿ ಮುಳ್ಳುಬಾಲದ ಹಲ್ಲಿ ಎಂದು ಬರೆಯುವುದುಂಟು. ಆದರೆ ಅವನು ಗೋಡೆಯ ಮೇಲಿನ ಹಲ್ಲಿಯ ಕುಟುಂಬಕ್ಕೆ ಸೇರಿದವನಲ್ಲ, ಓತಿಕ್ಯಾತದ ಕುಟುಂಬದವನು. ಆದ್ದರಿಂದ ಮುಳ್ಳುಬಾಲದ ಓತಿ ಎಂದರೆ ಹೆಚ್ಚು ಸರಿ.

ಸಾಂಡಾ ನೋಡಲು ಹೇಗಿರುತ್ತದೆ? ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು ಒಂದೂವರೆ ಅಡಿ ಉದ್ದ. ಗಂಡು ಹೆಣ್ಣಿಗಿಂತ ದೊಡ್ಡದು. ಮೈ ಚಪ್ಪಟೆ, ತಲೆ ದುಂಡಗೆ, ಮೂತಿ ಮೊಂಡು. ಬಣ್ಣ ಥೇಟ್ ಮಣ್ಣಿನದೇ. ತೊಡೆಯ ಮುಂಭಾಗದಲ್ಲಿ ಮಾತ್ರ ಕಪ್ಪು ಮಚ್ಚೆಯೊಂದಿರುತ್ತದೆ. ಇನ್ನು ಬಾಲ! ಅದರ ಸುತ್ತಲೂ ಬಳೆ ತೊಡಿಸಿದಂತೆ ಸಾಲುಸಾಲಾಗಿ ಮುಳ್ಳಿನ ಹುರುಪೆಗಳು. ಹಲ್ಲಿಯ ಬಾಲ ಕಳಚಿ ಬಿದ್ದು ಕುಣಿಯುವುದನ್ನು ನೋಡಿದ್ದೀರಲ್ಲವೇ? ಸಾಂಡಾದ ಬಾಲ ಹಾಗೆ ಕಳಚುವುದಿಲ್ಲ. ಕಳಚುವ ಹಾಗೂ ಇಲ್ಲ, ಏಕೆಂದರೆ ಅದೇ ಅದರ ಆಯುಧ, ಅದೇ ಬಾಗಿಲಿನ ಅಗುಳಿ, ಅದೇ ಕಣಜ. ಹೇಗೆಂದು ಮುಂದೆ ನೋಡೋಣ.

ಈ ಪ್ರಾಣಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 1827ರಲ್ಲಿ, ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ. ಅದಕ್ಕೂ ಮೊದಲು ಭಾರತದಲ್ಲಿ ಸೈನ್ಯದ ಅಧಿಕಾರಿಯಾಗಿದ್ದ ಥಾಮಸ್ ಹಾರ್ಡ್‌ವಿಕ್ ಎಂಬವರು ಇಲ್ಲಿನ ಪ್ರಾಣಿಗಳನ್ನು ಸಂಗ್ರಹಿಸಿ, ಭಾರತೀಯ ಕಲಾವಿದರಿಂದ ಅವುಗಳ ಚಿತ್ರ ಬರೆಸುತ್ತಿದ್ದರು. ಅವರ ಹೆಸರನ್ನೇ ಗ್ರೇ ಸಾಂಡಾಕ್ಕೆ ಇಟ್ಟರು. ಇಂದಿನ ಪುಸ್ತಕಗಳಲ್ಲಿ ಅದರ ವೈಜ್ಞಾನಿಕ ಹೆಸರು ಸಾರಾ ಹಾರ್ಡ್‌ವಿಕಿ. ಬಹುಕಾಲ ಇದನ್ನು ಯೂರೋಮಾಸ್ಟಿಕ್ಸ್ ಎಂಬ ಗುಂಪಿನಲ್ಲಿ ಇಟ್ಟಿದ್ದರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬಾಲವೇ ಚಾವಟಿಯಾದದ್ದು. ಆ ಗುಂಪಿನ ಉಳಿದ ಜಾತಿಗಳು ಆಫ್ರಿಕಾದ ಸಹಾರಾದಿಂದ ಅರೇಬಿಯಾದವರೆಗೆ ಹರಡಿವೆ. 2009ರಲ್ಲಿ ವಿಜ್ಞಾನಿಗಳು ನಮ್ಮ ಸಾಂಡಾ ಮತ್ತು ಅದರ ಇಬ್ಬರು ಹತ್ತಿರದ ಬಂಧುಗಳನ್ನು ಬೇರೆ ಗುಂಪು ಮಾಡಿದರು.

ಸೊಪ್ಪು ತಿನ್ನುವ ಓತಿ

ಓತಿಕ್ಯಾತ ಏನು ತಿನ್ನುತ್ತದೆ? ಇರುವೆ, ಮಿಡತೆ, ಹುಳು. ಹಲ್ಲಿ? ಅದೂ ಕೀಟಗಳನ್ನೇ. ಉಡ ಮೊಟ್ಟೆ, ಇಲಿ, ಏಡಿ ಎಲ್ಲವನ್ನೂ ತಿನ್ನುತ್ತದೆ. ಸಾಂಡಾ ಮಾತ್ರ ಸೊಪ್ಪು, ಹೂವು, ಕಾಯಿ, ಬೀಜ ತಿಂದು ಬದುಕುತ್ತದೆ. ಮರಿಗಳು ಬೆಳೆಯುವಾಗ ಕೀಟಗಳನ್ನೂ ಹಿಡಿಯುತ್ತವೆ. ದೊಡ್ಡವು ಎದುರಿಗೆ ಸಿಕ್ಕಿದ ಮಿಡತೆಯನ್ನು ಬಿಡುವುದಿಲ್ಲವಾದರೂ ಅವುಗಳ ದಿನದ ಊಟ ಸೊಪ್ಪೇ. ಇಂಥ ಸಸ್ಯಾಹಾರಿಗಳು ಈ ಬಳಗದಲ್ಲಿ ಬಹಳ ಅಪರೂಪ. ಏಕೆ ಗೊತ್ತೇ?

ಎಲೆಯಲ್ಲಿ ನಾರು ಹೆಚ್ಚು, ಶಕ್ತಿ ಕಡಿಮೆ. ಒಂದು ಮಿಡತೆಯಿಂದ ಸಿಗುವಷ್ಟು ಶಕ್ತಿ ಸಿಗಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಸೊಪ್ಪು ತಿನ್ನಬೇಕು. ತಿಂದ ನಾರನ್ನು ಒಡೆಯುವ ಕೆಲಸ ಸಾಂಡಾದ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳದು. ಹಸುವಿನ ಹೊಟ್ಟೆಯಲ್ಲಿಯೂ ಇಂಥ ಸೂಕ್ಷ್ಮಜೀವಿಗಳಿವೆ. ಆದರೆ ಹಸುವಿನ ಮೈ ಯಾವಾಗಲೂ ಬೆಚ್ಚಗಿರುತ್ತದೆ. ಸಾಂಡಾ ಸರೀಸೃಪ. ಅದು ತನ್ನ ಮೈಯನ್ನು ಒಳಗಿನಿಂದ ಬಿಸಿ ಮಾಡಿಕೊಳ್ಳಲಾರದು. ಆ ಬಿಸಿಯನ್ನು ಬಿಸಿಲಿನಿಂದಲೇ ಪಡೆಯಬೇಕು. ಮೈ ತಣ್ಣಗಿದ್ದರೆ ಹೊಟ್ಟೆಯಲ್ಲಿರುವ ಸೊಪ್ಪು ಅರಗದೆ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಅದರ ದಿನಚರಿಯೆಲ್ಲ ಬಿಸಿಲಿನ ಲೆಕ್ಕಾಚಾರ. ಬೆಳಿಗ್ಗೆ ಸೂರ್ಯ ಸ್ವಲ್ಪ ಮೇಲೇರಿದ ಮೇಲೆ ಬಿಲದ ಬಾಯಲ್ಲಿ ಮೊದಲು ಮೂತಿ ಕಾಣುತ್ತದೆ, ಆಮೇಲೆ ತಲೆ. ಸ್ವಲ್ಪ ಹೊತ್ತು ಸುತ್ತಮುತ್ತ ನೋಡಿ, ಹೊರಬಂದು ಚಪ್ಪಟೆಯಾಗಿ ಮಲಗಿ ಮೈ ಕಾಯಿಸಿಕೊಳ್ಳುತ್ತದೆ. ಆಗ ಅದರ ಬಣ್ಣ ಗಾಢವಾಗಿರುತ್ತದೆ. ಮೈ ಕಾದಂತೆ ಬಣ್ಣ ತಿಳಿಯಾಗುತ್ತ ಹೋಗುತ್ತದೆ. ಕಪ್ಪು ಛತ್ರಿಯ ಬಟ್ಟೆ ಬಿಸಿಲಲ್ಲಿ ಬೇಗ ಕಾಯುತ್ತದೆ, ಬಿಳಿ ಬಟ್ಟೆ ಅಷ್ಟು ಬೇಗ ಕಾಯುವುದಿಲ್ಲ ಎಂದು ನಿಮಗೆ ಗೊತ್ತು. ಸಾಂಡಾ ಒಂದೇ ಮೈಯಲ್ಲಿ ಎರಡು ಅಂಗಿಗಳನ್ನು ಇಟ್ಟುಕೊಂಡಿದೆ ಎನ್ನೋಣ.

ನೀರಿನ ಸಂಗತಿ ಇನ್ನೂ ಸ್ವಾರಸ್ಯ. ಮರುಭೂಮಿಯಲ್ಲಿ ಕುಡಿಯಲು ನೀರೆಲ್ಲಿ? ಸಾಂಡಾಕ್ಕೆ ಬೇಕಾದ ನೀರಿನ ಬಹುಪಾಲು ಎಲೆ, ಹೂವುಗಳಿಂದಲೇ ಸಿಗುತ್ತದೆ. ಆದರೆ ಅಲ್ಲಿನ ಗಿಡಗಳಲ್ಲಿ ಉಪ್ಪಿನ ಅಂಶ ಹೆಚ್ಚು. ನಾವಾದರೆ ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಹೊರಹಾಕುತ್ತೇವೆ, ಅದಕ್ಕೆ ತುಂಬ ನೀರು ಖರ್ಚಾಗುತ್ತದೆ. ಮುಳ್ಳುಬಾಲದ ಓತಿಗಳ ಮೂಗಿನಲ್ಲಿ ಉಪ್ಪಿನ ಗ್ರಂಥಿಗಳಿವೆ. ಅವು ಉಪ್ಪನ್ನು ಗಟ್ಟಿ ದ್ರಾವಣವಾಗಿ ಹೊರಹಾಕುತ್ತವೆ. ಅದು ಒಣಗಿ ಮೂಗಿನ ಹೊಳ್ಳೆಯ ಸುತ್ತ ಬೆಳ್ಳಗೆ ಸುಣ್ಣ ಹಚ್ಚಿದಂತೆ ಕಾಣುತ್ತದೆ. ನೋಡಿದವರು ಪಾಪ, ನೆಗಡಿಯಾಗಿದೆ ಎಂದುಕೊಳ್ಳಬಹುದು!

ಒಳಗಿನಿಂದ ಬಾಗಿಲು ಹಾಕುವ ಮನೆ

ಸಾಂಡಾಗಳು ಗಟ್ಟಿ ನೆಲವನ್ನು ಆರಿಸಿಕೊಂಡು ಬಿಲ ತೋಡುತ್ತವೆ. ಮೆತ್ತನೆ ಮರಳಿನಲ್ಲಿ ತೋಡಿದರೆ ಬಿಲ ಕುಸಿಯುತ್ತದಲ್ಲ! ಬಿಲ ಓರೆಯಾಗಿ, ತಿರುವುಗಳೊಂದಿಗೆ ಒಂದೆರಡು ಮೀಟರ್ ಒಳಗೆ ಹೋಗುತ್ತದೆ. ಒಂದು ಬಿಲಕ್ಕೆ ಒಂದೇ ಸಾಂಡಾ. ಆದರೆ ಬಿಲಗಳು ಅಕ್ಕಪಕ್ಕದಲ್ಲೇ ಇರುವುದರಿಂದ ದೂರಕ್ಕೆ ಒಂದು ಕೇರಿಯಂತೆ ಕಾಣುತ್ತದೆ. ಬೇಸಿಗೆಯಲ್ಲಿ ಥಾರ್‌ನ ನೆಲ ಬರಿಗಾಲಿಡಲಾಗದಷ್ಟು ಕಾಯುತ್ತದೆ. ಒಳಗೆ ಬಿಲದ ತಳದಲ್ಲಿ ಮಾತ್ರ ತಂಪು, ಗಾಳಿಯಲ್ಲಿ ತೇವ. ಸಂಜೆಯಾದೊಡನೆ, ಅಥವಾ ಬಿಸಿಲು ತಡೆಯಲಾರದಷ್ಟು ಏರಿದಾಗ, ಸಾಂಡಾ ಒಳಗೆ ಹೋಗಿ ಮಣ್ಣಿನಿಂದ ಬಿಲದ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಹೊರಗಿನ ಹಾವು ಸುಲಭವಾಗಿ ಒಳಗೆ ಬರುವುದಿಲ್ಲ.

ಹಗಲಿನಲ್ಲಿ ಶತ್ರುಗಳಿಗೇನೂ ಕಡಿಮೆಯಿಲ್ಲ. ಆಕಾಶದಲ್ಲಿ ಹದ್ದು, ಡೇಗೆ; ನೆಲದ ಮೇಲೆ ಮರುಭೂಮಿಯ ನರಿ, ಕಾಡುಬೆಕ್ಕು, ಉಡ. ಆದ್ದರಿಂದಲೇ ಸಾಂಡಾ ಬಿಲ ಬಿಟ್ಟು ಬಹುದೂರ ಹೋಗುವುದಿಲ್ಲ. ನೆರಳು ಹಾದರೆ ಸಾಕು, ಬಿಲಕ್ಕೆ ಓಟ. ಒಳಗೆ ನುಗ್ಗಿ ಮುಳ್ಳಿನ ಬಾಲವನ್ನು ಬಾಗಿಲಿಗೆ ಅಡ್ಡ ಇಡುತ್ತದೆ. ಹಿಂಬಾಲಿಸಿ ಬಂದವರಿಗೆ ಆ ಬಾಲದಿಂದ ಎಡಬಲ ಬೀಸಿ ಪೆಟ್ಟು. ಅಗುಳಿ ಎಂದದ್ದು ಇದಕ್ಕೇ.

ಚಳಿಗಾಲದಲ್ಲಿ ಆ ಕಡೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವುದುಂಟು. ಆಗ ಸಾಂಡಾ ಬಾಗಿಲು ಮುಚ್ಚಿ ತಿಂಗಳುಗಟ್ಟಲೆ ನಿದ್ದೆ ಮಾಡುತ್ತದೆ. ಮಳೆಗಾಲದಲ್ಲಿ ಹಸಿರು ಚಿಗುರಿದ್ದಾಗ ತಿಂದು ಬಾಲದ ಬುಡದಲ್ಲೂ ಮೈಯಲ್ಲೂ ಕೂಡಿಟ್ಟ ಕೊಬ್ಬು ಈ ನಿದ್ದೆಯ ಕಾಲಕ್ಕೆ ಆಹಾರ. ಕಣಜ ಎಂದದ್ದು ಇದಕ್ಕೆ. ವಸಂತದಲ್ಲಿ ಎದ್ದು ಬಂದು ಜೊತೆಗೂಡುತ್ತವೆ. ಹೆಣ್ಣು ಬಿಲದಲ್ಲಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಗಳು ಕೆಲಕಾಲ ತಾಯಿಯ ಬಿಲದಲ್ಲೇ ಇರುತ್ತವೆ.

ಕೊಬ್ಬೇ ಕುತ್ತಾದ ಕಥೆ

ಸಾಂಡಾಕ್ಕೆ ಅತಿ ದೊಡ್ಡ ಶತ್ರು ಹದ್ದೂ ಅಲ್ಲ, ನರಿಯೂ ಅಲ್ಲ. ಬಾಲದ ಆ ಕೊಬ್ಬನ್ನು ಕರಗಿಸಿ ಎಣ್ಣೆ ತೆಗೆದು, ಕೀಲುನೋವಿಗೆ, ಇನ್ನೂ ಎಷ್ಟೋ ಕಾಯಿಲೆಗಳಿಗೆ ಔಷಧಿ ಎಂದು ಬೀದಿಬದಿಯಲ್ಲಿ ಮಾರುವವರಿದ್ದಾರೆ. ಮಾಂಸಕ್ಕಾಗಿಯೂ ಹಿಡಿಯುತ್ತಾರೆ. ಬಿಲದ ಬಾಯಲ್ಲಿ ಉರುಲು ಇಟ್ಟು ಹಿಡಿಯುವುದು ಒಂದು ಬಗೆ, ಅಗೆದು ತೆಗೆಯುವುದು ಇನ್ನೊಂದು. ಎಂಥ ವಿಪರ್ಯಾಸ ನೋಡಿ: ಹಾವಿನಿಂದ ಕಾಪಾಡುವ ಮಣ್ಣಿನ ಬಾಗಿಲೇ ಮನುಷ್ಯನಿಗೆ ಗುರುತು ಹೇಳಿಬಿಡುತ್ತದೆ. ಒಳಗಿನಿಂದ ಮುಚ್ಚಿದ ಬಿಲ ಎಂದರೆ ಮನೆಯವರು ಒಳಗಿದ್ದಾರೆ ಎಂದೇ ಅರ್ಥವಲ್ಲವೇ?

ಈ ಎಣ್ಣೆಯಲ್ಲಿ ನಿಜವಾಗಿ ಏನಿದೆ? ಬೇರೆ ಪ್ರಾಣಿಗಳ ಕೊಬ್ಬಿನಲ್ಲಿ, ಅಡುಗೆ ಎಣ್ಣೆಯಲ್ಲಿ ಇರುವಂಥ ಸಾಮಾನ್ಯ ಕೊಬ್ಬಿನಾಮ್ಲಗಳೇ. ಯಾವುದೇ ಎಣ್ಣೆ ಹಚ್ಚಿ ಮೊಣಕಾಲನ್ನು ಚೆನ್ನಾಗಿ ತಿಕ್ಕಿದರೂ ಬೆಚ್ಚಗಾಗಿ ಸ್ವಲ್ಪ ಹಿತವೆನಿಸುತ್ತದೆ. ಅಜ್ಜಿ ಎಳ್ಳೆಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವಾಗ ಆಗುವುದೂ ಇದೇ. ಅದಕ್ಕೆ ಸಾಂಡಾ ಸಾಯಬೇಕಾಗಿಲ್ಲ. ನಮ್ಮ ಕಡೆಯ ಸಂತೆಗಳಲ್ಲಿ ಯಾರಾದರೂ ಉಡದ ಎಣ್ಣೆ ಎಂದು ಮಾರಲು ಬಂದರೆ ಇದೇ ಮಾತು ಅಲ್ಲಿಗೂ ಅನ್ವಯಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಂಡಾವನ್ನಾಗಲಿ ಉಡವನ್ನಾಗಲಿ ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ.

ಇನ್ನೊಂದು ತೊಂದರೆ ಸದ್ದಿಲ್ಲದೆ ಬರುತ್ತಿದೆ. ಸಾಂಡಾ ಬದುಕುವ ಒಣ ಬಯಲನ್ನು ನಾವು ಪಾಳುಭೂಮಿ ಎಂದು ಕರೆಯುತ್ತೇವೆ. ಪಾಳು ಎಂದ ಮೇಲೆ ಅಲ್ಲಿ ಉಳುವುದಕ್ಕೂ ಕಟ್ಟುವುದಕ್ಕೂ ಯಾರೂ ಹಿಂದೆಮುಂದೆ ನೋಡುವುದಿಲ್ಲ. ನೇಗಿಲು, ಟ್ರ್ಯಾಕ್ಟರ್ ಹಾಯ್ದರೆ ಒಂದು ಕೇರಿಯ ಬಿಲಗಳೆಲ್ಲ ಒಂದೇ ದಿನದಲ್ಲಿ ಮುಚ್ಚಿಹೋಗುತ್ತವೆ. ಸಾಂಡಾ ಇಲ್ಲವಾದರೆ ಅದನ್ನು ತಿಂದು ಬದುಕುವ ಹದ್ದುಗಳಿಗೂ ಊಟ ಕಡಿಮೆ. ರಾಜಸ್ಥಾನದ ಚೂರು ಜಿಲ್ಲೆಯಲ್ಲಿ ತಾಲ್ ಛಾಪರ್ ಎಂಬ ಅಭಯಾರಣ್ಯವಿದೆ. ಕೃಷ್ಣಮೃಗಗಳಿಗೆ ಹೆಸರಾದ ಬಯಲು ಅದು. ಅಲ್ಲಿ ಸಾಂಡಾಗಳ ಕೇರಿಗಳೂ ಇವೆ, ಅವುಗಳ ಮೇಲೆ ಕಣ್ಣಿಟ್ಟ ಹದ್ದುಗಳೂ ಇವೆ.

ಸಾಕಬಹುದೇ?

ಯೂರೋಪ್, ಅಮೆರಿಕಗಳಲ್ಲಿ ಸಾಂಡಾದ ಆಫ್ರಿಕಾದ ಬಂಧುಗಳನ್ನು ಮನೆಯಲ್ಲಿ ಸಾಕುವವರಿದ್ದಾರೆ. ಹಳದಿ, ಕಿತ್ತಳೆ, ಕೆಂಪು ಬಣ್ಣದ ಅಂದವಾದ ಜಾತಿಗಳು ಅವು. ಟೀವಿಯಲ್ಲೋ ಫೋನಿನಲ್ಲೋ ಅವನ್ನು ನೋಡಿದಾಗ ನಮ್ಮಲ್ಲೂ ಒಂದಿರಲಿ ಎಂದು ಆಸೆಯಾಗಬಹುದು. ಆದರೆ ಸರಿಯಾಗಿ ಸಾಕುವುದೆಂದರೆ ಒಂದು ಪುಟ್ಟ ಮರುಭೂಮಿಯನ್ನೇ ಮನೆಯೊಳಗೆ ಕಟ್ಟಿದಂತೆ. ದೊಡ್ಡ ಗಾಜಿನ ಪೆಟ್ಟಿಗೆ ಬೇಕು. ಅದರ ಒಂದು ಮೂಲೆಯ ಕಲ್ಲು ವಿದ್ಯುತ್ ದೀಪದಿಂದ ಸುಮಾರು 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಇನ್ನೊಂದು ತುದಿ ತಂಪಾಗಿರಬೇಕು. ಅವು ತಮಗೆ ಬೇಕಾದ ಬಿಸಿಯನ್ನು ಓಡಾಡಿ ಆರಿಸಿಕೊಳ್ಳುತ್ತವೆ.

ಅಷ್ಟೇ ಸಾಲದು. ಮೂಳೆ ಗಟ್ಟಿಯಾಗಲು ಸುಣ್ಣದ ಅಂಶ ಬೇಕು, ಅದು ದೇಹಕ್ಕೆ ಹತ್ತಲು ಡಿ ಜೀವಸತ್ತ್ವ ಬೇಕು. ನಮ್ಮ ಚರ್ಮದಂತೆ ಇವುಗಳ ಚರ್ಮವೂ ಬಿಸಿಲಿನ ಅತಿನೇರಳೆ ಕಿರಣಗಳಿಂದ ಅದನ್ನು ತಯಾರಿಸುತ್ತದೆ. ಆದರೆ ಅದಕ್ಕೆ ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಆದ್ದರಿಂದ ಅತಿನೇರಳೆ ಕಿರಣ ಬೀರುವ ಬೇರೆ ದೀಪವೇ ಬೇಕು. ಇಲ್ಲದಿದ್ದರೆ ಮೂಳೆಗಳು ಮೆತ್ತಗಾಗಿ ಸೊಟ್ಟಗಾಗುತ್ತವೆ. ಇಷ್ಟೆಲ್ಲವನ್ನೂ ಹದಿನೈದು ಇಪ್ಪತ್ತು ವರ್ಷ ನಡೆಸಬೇಕು, ಅಷ್ಟು ಕಾಲ ಅವು ಬದುಕಬಲ್ಲವು. ಶ್ರದ್ಧೆಯಿಂದ ಸಾಕುವವರಿಂದ ಇವುಗಳ ಆಹಾರ, ಮೊಟ್ಟೆ, ಮರಿಗಳ ಬಗ್ಗೆ ಎಷ್ಟೋ ವಿಷಯ ತಿಳಿದಿದೆ ಎಂಬುದೂ ನಿಜ. ಆದರೆ ಮಾರುಕಟ್ಟೆಗೆ ಬಂದ ಎಷ್ಟೋ ಪ್ರಾಣಿಗಳು ಮರುಭೂಮಿಯ ಬಿಲದಿಂದಲೇ ಹಿಡಿದು ತಂದವು. ನಮ್ಮ ಕೋಲಾರದ ಕಡೆಯ ನಕ್ಷತ್ರ ಆಮೆಗಳನ್ನೂ ಹೀಗೆಯೇ ಕದ್ದು ಸಾಗಿಸುವವರಿದ್ದಾರೆ. ಈ ಕಾರಣಕ್ಕೇ ಮುಳ್ಳುಬಾಲದ ಓತಿಗಳ ವ್ಯಾಪಾರದ ಮೇಲೆ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣವಿದೆ. ನಮ್ಮ ದೇಶದಲ್ಲಂತೂ ಸಾಂಡಾವನ್ನು ಸಾಕುವಂತಿಲ್ಲ. ನನ್ನನ್ನು ಕೇಳಿದರೆ, ಕೇರಿಯ ಎದುರು ಒಂದು ಬೆಳಿಗ್ಗೆ ಅಲುಗಾಡದೆ ಕುಳಿತು ಮೂತಿ ಕಾಣುವುದನ್ನು ಕಾಯುವ ಸುಖ ಗಾಜಿನ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ.

ಮಾಡಿ ನೋಡಿ

ಥಾರ್‌ಗೆ ಹೋಗಲಾಗದಿದ್ದರೇನು, ನೆಂಟ ನಮ್ಮ ಬೇಲಿಯ ಮೇಲೆಯೇ ಇದ್ದಾನಲ್ಲ! ಶಾಲೆಯ ಸುತ್ತ ಓತಿಕ್ಯಾತ ಕೂರುವ ಜಾಗವೊಂದನ್ನು ಗುರುತಿಸಿ. ಕಲ್ಲು ಎಸೆಯಬೇಡಿ, ಹಿಡಿಯಬೇಡಿ. ಅದು ರಕ್ತ ಹೀರುತ್ತದೆ ಎಂಬುದು ಸುಳ್ಳು. ಗಂಡಿನ ಕತ್ತು ಕೆಂಪಾಗುವುದು ಮರಿ ಮಾಡುವ ಕಾಲದ ಬಣ್ಣ ಅಷ್ಟೇ. ಹತ್ತು ಹೆಜ್ಜೆ ದೂರದಲ್ಲಿ ಕುಳಿತು, ಬೆಳಿಗ್ಗೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ, ಸಂಜೆ ಹೀಗೆ ಮೂರು ಹೊತ್ತು ನೋಡಿ. ಬಿಸಿಲಲ್ಲಿದೆಯೇ ನೆರಳಲ್ಲಿದೆಯೇ, ಬಣ್ಣ ಗಾಢವೋ ತಿಳಿಯೋ, ಅದು ಕೂರುವಂಥ ಬೇರೊಂದು ಕಲ್ಲನ್ನು ಮುಟ್ಟಿದರೆ ಎಷ್ಟು ಬಿಸಿ, ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆಯಿರಿ. ಮೋಡ ಮುಸುಕಿದ ದಿನದ ವಿವರವನ್ನು ಬಿಸಿಲಿನ ದಿನದ ಪಕ್ಕದಲ್ಲಿ ಇಟ್ಟು ಹೋಲಿಸಿ. ವಾರದ ಕೊನೆಗೆ, ಅದು ಯಾವ ಹೊತ್ತಿಗೆ ಯಾವ ಕಲ್ಲಿನ ಮೇಲಿರುತ್ತದೆ ಎಂದು ಗೆಳೆಯರಿಗೆ ಮೊದಲೇ ಹೇಳಿ, ಆಮೇಲೆ ಹೋಗಿ ನೋಡಿ.