ಮೆಟ್ಟಿಲೇರುವ ಫ್ರಿಜ್ಜು

ದಾಂಡೇಲಿಯ ಮರದ ಡಿಪೋದಲ್ಲಿ ದಿಮ್ಮಿಯನ್ನು ಉರುಳಿಸಿ ಸಾಗಿಸಬಹುದು. ಹಳಿಯಾಳದ ಬಹುಮಹಡಿ ಕಟ್ಟಡದ ಮೆಟ್ಟಿಲುಗಳ ಮೇಲೆ ಫ್ರಿಜ್ಜಿಗೆ ಆ ಉಪಾಯ ಸಲ್ಲದು. ಇಬ್ಬರು ಹಿಡಿದರೆ ಭಾರವೂ ಅರ್ಧರ್ಧವೆಂದು ಬಗೆಯುವುದು ಅಪಾಯಕರ. ಅನಿಲವನ್ನು ಒತ್ತುವ ಸಂಪೀಡಕ ಯಂತ್ರವು ತಳದಲ್ಲಿರುವುದರಿಂದ ಗುರುತ್ವಕೇಂದ್ರವೂ ತಳದತ್ತ ಸರಿದಿರುತ್ತದೆ. ಓರೆಯಾಗಿ ಹೊತ್ತಾಗ ಆ ಕೇಂದ್ರದ ಲಂಬರೇಖೆಯು ಕೆಳಗಿನವನಿಂದ 1 ಅಡಿ, ಮೇಲಿನವನಿಂದ 2 ಅಡಿ ದೂರದಲ್ಲಿದ್ದರೆ, 60 ಕಿಲೋಗ್ರಾಂ ಭಾರದಲ್ಲಿ 40 ಕೆಳಗಿನವನ ಪಾಲು! ಕಾಲು ಜಾರಿದರೆ ಪೆಟ್ಟಿಗೆ ಬೀಳುವುದೂ ಅವನ ಮೇಲೆಯೇ. ಆದುದರಿಂದ ಬಲಿಷ್ಠನು ಕೆಳಗಿರಲಿ. ಮೂರನೆಯವನೊಬ್ಬನು ಮೇಲಿನಿಂದ ಹಗ್ಗ ಹಿಡಿದಿರಲಿ.

ಮಲಗಿಸಿ ಒಯ್ಯಬಾರದೇಕೆ? ಸಂಪೀಡಕದ ಎಣ್ಣೆಯು ಅನಿಲದ ಕೊಳವೆಗೆ ಹರಿಯಬಹುದು. ಅನಿಲವು ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗದು. ಒಡನೆಯೇ ವಿದ್ಯುತ್ತು ಹರಿಸಿದರೆ ಕವಾಟ ಮುರಿದೀತು. ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿದರೆ ಎಣ್ಣೆ ತಾನಾಗಿ ತಳಕ್ಕಿಳಿಯುತ್ತದೆ. ಅಲ್ಲಿಯವರೆಗೆ ಮನೆಯವರು ಮಡಕೆಯ ನೀರನ್ನೇ ಕುಡಿಯಲಿ!