ಅಂಕೆಯಲ್ಲಿರುವ ಔಷಧಗಳು

ಕಾರ್ಕಳದಲ್ಲಾಗಲಿ ಕಾಪುವಿನಲ್ಲಾಗಲಿ ಔಷಧದ ಅಂಗಡಿಗೆ ಹೋಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಕೇಳಿದರೆ ಮರುಮಾತಿಲ್ಲದೆ ಕೊಡುತ್ತಾರೆ. ಕಳವಳ ತಗ್ಗಿಸಿ ನಿದ್ದೆ ತರುವ ಆಲ್ಪ್ರಜೋಲಾಮ್ ಕೇಳಿದರೆ, ವೈದ್ಯರ ಚೀಟಿ ಎಲ್ಲಿ ಎನ್ನುತ್ತಾರೆ. ಚೀಟಿಯಿದ್ದರೂ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಇವನ್ನೆಲ್ಲ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಮೂರು ವರ್ಷ ಕಾಪಾಡಬೇಕು. ಇದು ಅಂಗಡಿಯವರ ಬಿಗುಮಾನವಲ್ಲ. ಔಷಧ ನಿಯಮಗಳ ‘ಎಚ್-1’ ಅನುಸೂಚಿಯ ಕಟ್ಟಳೆ.

ಇದಕ್ಕಿಂತ ಬಿಗಿಯಾದುದು 1985ರ ಮಾದಕ ದ್ರವ್ಯಗಳ ಕಾಯಿದೆ. ಗಾಂಜಾ, ಅಫೀಮು, ಕೊಕೇನ್‌ಗಳು ಅದರ ಹಿಡಿತದಲ್ಲಿವೆ. ಮೇಲೆ ಹೇಳಿದ ಆಲ್ಪ್ರಜೋಲಾಮ್ ಕೂಡ ಇದೆ. ಅಫೀಮಿನಿಂದ ತೆಗೆಯುವ ಮಾರ್ಫೀನೂ ಇದೆ. ಆದರೆ ಕ್ಯಾನ್ಸರ್ ರೋಗಿಯ ಸಹಿಸಲಾಗದ ನೋವಿಗೆ ಮುಖ್ಯ ಮದ್ದು ಈ ಮಾರ್ಫೀನೇ! ಕಳ್ಳಸಾಗಣೆದಾರರ ಕೈ ಕಟ್ಟಲು ಹೊರಟ ಕಾಯಿದೆ ವೈದ್ಯರ ಕೈಯನ್ನೂ ಕಟ್ಟಿತು. ಹಲವು ಪರವಾನಗಿಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಲಾರದೆ ಅನೇಕ ಆಸ್ಪತ್ರೆಗಳು ಅದನ್ನು ತರಿಸುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶದ ರೋಗಿಗಳಿಗೆ ಬಳಕೆಯಾದ ಮಾರ್ಫೀನ್ ಸುಮಾರು 18 ಕಿಲೋಗ್ರಾಂ ಮಾತ್ರ. ನೋವು ನುಂಗಿಕೊಂಡೇ ಸತ್ತವರ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ಬರೆದಿಡಲಿಲ್ಲ.

2014ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿತು. ಮರುವರ್ಷ ಮಾರ್ಫೀನ್, ಕೊಡೀನ್, ಫೆಂಟನಿಲ್ ಸೇರಿದಂತೆ ಆರು ಔಷಧಗಳು ‘ಅತ್ಯಗತ್ಯ’ ಎನಿಸಿದವು. ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರೊಬ್ಬರ ಮಾನ್ಯತೆ ಸಾಕೆಂದಾಯಿತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇಂದು ಇಂಥ ರೋಗಿಗಳ ಉಪಶಮನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅಂಕೆ ಮಾತ್ರ ತಪ್ಪಿಲ್ಲ: ಮಾರ್ಫೀನ್ ಮಾತ್ರೆಯ ಹೊದಿಕೆಯ ಎಡಮೂಲೆಯಲ್ಲಿ ‘ಎನ್‌ಆರ್‌ಎಕ್ಸ್’ ಎಂಬ ಕೆಂಪು ಗುರುತು ಇರಲೇಬೇಕು.